ಗಂಗಾವತಿಯ ಕೋಣೆಯಲ್ಲಿ ಜರ್ಮನ್ ‘ಇಲ್ಲ’

ಮೊದಲು ಅಲ್ಲಿ ಏನೇನು ಇರಲಿಲ್ಲ ಎಂಬುದನ್ನು ಹೇಳಿಬಿಡುತ್ತೇನೆ. ಇದ್ದದ್ದಕ್ಕೆ ನೆನಪು ಬಣ್ಣ ಹಚ್ಚುತ್ತದೆ. ಇಲ್ಲದ್ದನ್ನು ಕೆಡಿಸುವುದು ಅದಕ್ಕೆ ಅಷ್ಟು ಸುಲಭವಲ್ಲ. ಗಂಗಾವತಿಯ ಆ ಕೋಣೆಯಲ್ಲಿ ಕಪ್ಪುಹಲಗೆ ಇರಲಿಲ್ಲ. ಜರ್ಮನಿಯ ನಕಾಶೆ ಇರಲಿಲ್ಲ. ಕಿಟಕಿಗೆ ಗಾಜು ಇರಲಿಲ್ಲ, ಹಾಗಾಗಿ ಕೆಳಗಿನ ಅಕ್ಕಿ ವ್ಯಾಪಾರಿಯ ಗೋದಾಮಿನಿಂದ ತೌಡಿನ ಧೂಳು ನೇರ ಮೇಲೆ ಬಂದು ನಮ್ಮ ಪುಸ್ತಕಗಳ ಮೇಲೆ ಕೂರುತ್ತಿತ್ತು. ಈಗಲೂ ಹೊಸ ಅಕ್ಕಿಯ ಚೀಲ ಬಿಚ್ಚಿದರೆ ನನಗೆ ಅನ್ನ ನೆನಪಾಗುವುದಿಲ್ಲ, ಜರ್ಮನ್ ವ್ಯಾಕರಣ ನೆನಪಾಗುತ್ತದೆ. ಈ ಮಾತನ್ನು ಎಷ್ಟೋ ಜನರಿಗೆ ಹೇಳಿದ್ದೇನೆ. ಹೇಳಿ ಹೇಳಿಯೇ ಅದು ನಿಜವಾಗಿದೆಯೋ ಏನೋ.

ನಾನು ಅಲ್ಲಿ ನರ್ಸುಗಳಿಗೆ ಜರ್ಮನ್ ಕಲಿಸುತ್ತಿದ್ದೆ. ಕೊಪ್ಪಳ, ಕುಷ್ಟಗಿ, ಯಲಬುರ್ಗಾದ ಆಸ್ಪತ್ರೆಗಳಲ್ಲಿ ಕೆಲಸ ಮಾಡುವವರು ಡ್ಯೂಟಿ ಮುಗಿಸಿ, ಬಸ್ಸು ಹಿಡಿದು, ಕೆಲವರು ಇನ್ನೂ ಸ್ಪಿರಿಟ್ ವಾಸನೆಯಲ್ಲೇ ಮಧ್ಯಾಹ್ನದ ತರಗತಿಗೆ ಬರುತ್ತಿದ್ದರು. ಜರ್ಮನಿಯ ಆಸ್ಪತ್ರೆಗಳು ಹೊರಗಿನ ನರ್ಸುಗಳನ್ನು ಕರೆಸಿಕೊಳ್ಳುತ್ತಿದ್ದವು. ಭಾಷೆಯ ಪರೀಕ್ಷೆ ಪಾಸಾಗಬೇಕು, ಆಮೇಲೆ ಅಲ್ಲಿಯವರು ವಿಡಿಯೊದಲ್ಲಿ ಮಾಡುವ ಸಂದರ್ಶನ ದಾಟಬೇಕು. ಇಡೀ ತಂಡದಲ್ಲಿ ಇಬ್ಬರನ್ನು ಮಾತ್ರ ಇಲ್ಲಿಗೆ ಕರೆಯುತ್ತೇನೆ. ಒಬ್ಬಳು ಭಾಗ್ಯನಗರದವಳು. ಕೊಪ್ಪಳದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ವಾರ್ಡಿನ ನರ್ಸ್; ಮನೆಯ ಮುಂದೆಯೇ ಅಪ್ಪನ ಕಿರಾಣಿ ಅಂಗಡಿ. ಇನ್ನೊಬ್ಬ ಕುಷ್ಟಗಿಯವನು. ಅವನೂ ನರ್ಸ್, ಆದರೆ ತರಗತಿಯಲ್ಲಿ ಅವನ ಮುಖ್ಯ ಕೆಲಸ ನನ್ನ ಮಾತಿಗೆ ಅಡ್ಡ ಮಾತಾಡುವುದು.

ಈ ಕಥೆ ಶುರುವಾದ ವಾರ ನಿಷೇಧದ ಪಾಠ. ಜರ್ಮನಿನಲ್ಲಿ ‘ಇಲ್ಲ’ ಎನ್ನಲು ಮುಖ್ಯವಾಗಿ ಎರಡು ಶಬ್ದ: ಕೈನ್ ಮತ್ತು ನಿಶ್ತ್. ನಾಮಪದವನ್ನು ಅಲ್ಲಗಳೆಯುವುದಕ್ಕೆ ಕೈನ್, ಉಳಿದದ್ದಕ್ಕೆಲ್ಲ ನಿಶ್ತ್. ಪಠ್ಯಪುಸ್ತಕ ಇದನ್ನು ಪುಟಗಟ್ಟಲೆ ವಿವರಿಸುತ್ತದೆ. ನನ್ನ ಹತ್ತಿರ ಒಂದು ಅಡ್ಡದಾರಿ ಇತ್ತು, ಅದರ ಬಗ್ಗೆ ನನಗೆ ಗರ್ವವೂ ಇತ್ತು. ಇಂಗ್ಲಿಷಿನವರಿಗಿಂತ ನಾವು ಪುಣ್ಯವಂತರು, ನಮ್ಮಲ್ಲೂ ಎರಡು ಶಬ್ದ ಇವೆ, ಕೈನ್ ಅಂದರೆ ‘ಇಲ್ಲ’, ನಿಶ್ತ್ ಅಂದರೆ ‘ಅಲ್ಲ’ ಎಂದು ಹೇಳಿಕೊಟ್ಟೆ. ‘ಇಶ್ ಹಾಬೆ ಕೈನ್ ವಾಸರ್’, ನನ್ನ ಹತ್ತಿರ ನೀರು ಇಲ್ಲ. ‘ದಾಸ್ ವಾಸರ್ ಇಸ್ಟ್ ನಿಶ್ತ್ ಕಾಲ್ಟ್’, ನೀರು ತಣ್ಣಗಿನದಲ್ಲ. ಎಲ್ಲರೂ ತಲೆಯಾಡಿಸಿದರು. ತೌಡಿನ ಧೂಳೂ ಒಪ್ಪಿಕೊಂಡಂತೆ ಕಂಡಿತು.

ಕುಷ್ಟಗಿಯವನು ಕೈ ಎತ್ತಿದ. “ಸರ, ನಾ ಡಾಕ್ಟರ್ ಅಲ್ಲ. ಇದಕ್ಕ ಏನ್ ಹಾಕ್ಲಿ?”

“ಇಶ್ ಬಿನ್ ಕೈನ್ ಆರ್ಟ್ಸ್ಟ್.”

“ಕೈನ್ ಬಂತಲ್ರಿ. ಅಲ್ಲ ಅಂದ್ರ ನಿಶ್ತ್ ಅಂದಿದ್ರಿ.”

ಡಾಕ್ಟರ್ ಎಂಬುದು ನಾಮಪದ, ಆದ್ದರಿಂದ ಕೈನ್ ಎಂದೆ. ಅವನು ಬಿಡಲಿಲ್ಲ.

“ನಾ ಬರೂದಿಲ್ಲ ಅನ್ನಾಕ?”

“ಇಶ್ ಕೊಮ್ಮೆ ನಿಶ್ತ್.”

“ಅಲ್ಲಿ ಇಲ್ಲ ಐತಿ, ಇಲ್ಲಿ ನಿಶ್ತ್ ಬಂತು. ಸರ, ನಿಮ್ಮ ಅಡ್ಡದಾರಿ ತುಂಗಭದ್ರಾ ಕಾಲಿವಿಗೆ ಹೋಗಿ ಬಿತ್ತಲ್ರಿ!”

ಎಲ್ಲರೂ ನಕ್ಕರು. ನಾನೂ ನಕ್ಕೆ ಎಂದು ಬರೆಯಬೇಕೆನಿಸುತ್ತದೆ; ನಕ್ಕಿರಲಿಕ್ಕಿಲ್ಲ. ಮರುದಿನ ಆ ಸೂತ್ರವನ್ನು ವಾಪಸು ತೆಗೆದುಕೊಂಡು, ಕುರ್ಚಿಗಳಿಂದ ಶುರುಮಾಡಿದೆ.

ಕುರ್ಚಿಯ ಪಾಠ ಹೀಗಿತ್ತು. ಒಬ್ಬೊಬ್ಬರು ಒಂದೊಂದು ಶಬ್ದ. ಸಾಲಾಗಿ ಕುಳಿತರೆ ವಾಕ್ಯ. ನಿಶ್ತ್ ಆದವರಿಗೆ ಕುರ್ಚಿ ಇಲ್ಲ, ಅವರು ನಡೆದಾಡಿ ತಮ್ಮ ಜಾಗ ಹುಡುಕಬೇಕು. ‘ಡಾಕ್ಟರ್ ಇವತ್ತು ಬರುವುದಿಲ್ಲ’ ಎಂಬುದಕ್ಕೆ ನಿಶ್ತ್ ನಮ್ಮ ಕನ್ನಡದ ಹಾಗೆಯೇ ಕಟ್ಟಕಡೆಗೆ ಹೋಗಿ ನಿಲ್ಲಬೇಕು. ‘ನೀರು ತಣ್ಣಗಿಲ್ಲ’ ಎಂಬಲ್ಲಿ ತಣ್ಣಗೆ ಎಂಬ ಗುಣಪದದ ಮುಂಚೆ. ‘ನಾನು ಇವತ್ತು ಬರಲಾರೆ’ ಎಂಬಲ್ಲಿ ಕ್ರಿಯಾಪದ ಒಡೆದು ಅರ್ಧ ವಾಕ್ಯದ ಕೊನೆಗೆ ಹೋಗಿ ಕೂತಿರುತ್ತದೆ, ನಿಶ್ತ್ ಅದನ್ನು ದಾಟುವಂತಿಲ್ಲ. ಆ ಕೊನೆಯ ಕುರ್ಚಿ ಯಾವಾಗಲೂ ಕುಷ್ಟಗಿಯವನದು. “ಇದು ನಮ್ಮ ಹಿರ್ಯಾರ ಜಾಗಾ ಐತಿ. ಮುಂದ ನಿಂದ್ರಬೇ,” ಎಂದು ಅವನು ಕಾಲು ಚಾಚುತ್ತಿದ್ದ. ನಿಶ್ತ್ ಆಗಿ ನಡೆದಾಡುತ್ತಿದ್ದವಳು ಭಾಗ್ಯನಗರದವಳು. ಅವಳು ಒಮ್ಮೆಯೂ ತಪ್ಪು ಜಾಗದಲ್ಲಿ ನಿಲ್ಲಲಿಲ್ಲ. ವಾಕ್ಯದ ಮುಂದೆ ಒಂದು ಸುತ್ತು ಹಾಕಿ, ಎಲ್ಲರ ಮುಖ ನೋಡಿ, ಸರಿಯಾದ ಎರಡು ಕುರ್ಚಿಗಳ ನಡುವೆ ಹೋಗಿ ನಿಂತುಬಿಡುತ್ತಿದ್ದಳು. ಹಸಿರು ದುಪಟ್ಟಾ ಹಾಕಿದ್ದಳು ಎಂದು ನನಗೆ ಕಾಣಿಸುತ್ತದೆ. ಹಸಿರಲ್ಲ, ಆಸ್ಪತ್ರೆಯ ಬಿಳಿ ಕೋಟನ್ನೇ ತೋಳಿಗೆ ಹಾಕಿಕೊಂಡಿರುತ್ತಿದ್ದಳು ಎಂದು ಕುಷ್ಟಗಿಯವನು ಈಚೆಗೆ ಫೋನಿನಲ್ಲಿ ವಾದಿಸಿದ. ಇರಲಿ, ಎರಡನ್ನೂ ಇಟ್ಟುಕೊಂಡಿದ್ದೇನೆ.

ಒಂದು ಭಾನುವಾರ ಅವರನ್ನೆಲ್ಲ ಸಾಣಾಪುರಕ್ಕೆ ಕರೆದುಕೊಂಡು ಹೋದೆ. ಚಳಿಗಾಲದಲ್ಲಿ ಅಲ್ಲಿಗೆ ಬಂಡೆ ಹತ್ತುವ ಜರ್ಮನರು ಬರುತ್ತಾರೆ. ಪುಸ್ತಕದ ಹೊರಗಿನ ಜರ್ಮನ್ ಕಿವಿಗೆ ಬೀಳಲಿ ಎಂಬುದು ನನ್ನ ಲೆಕ್ಕ. ಚಹಾದ ಅಂಗಡಿಯಲ್ಲಿ ಬೆರಳಿಗೆಲ್ಲ ಪಟ್ಟಿ ಸುತ್ತಿಕೊಂಡ ಒಬ್ಬ ಜರ್ಮನ್ ಹೆಂಗಸು ಸಿಕ್ಕಳು. ಭಾಗ್ಯನಗರದವಳು ಮುಂದೆ ಹೋಗಿ, ತಪ್ಪಿಲ್ಲದ ಜರ್ಮನಿನಲ್ಲಿ, ಚಹಾ ಕುಡಿಯುತ್ತೀರಾ ಎಂದು ಕೇಳಿದಳು.

“ನೈನ್, ಡಾಂಕೆ,” ಎಂದು ಹೆಂಗಸು ನಕ್ಕಳು. ಬೇಡ, ಧನ್ಯವಾದ.

ನಮ್ಮವಳು ಮತ್ತೆ ಕೇಳಿದಳು. ಮತ್ತೆ ನೈನ್. ಇನ್ನೊಮ್ಮೆ ಕೇಳಿದಳು, ಈ ಸಲ ಕಪ್ಪನ್ನು ಕೈಗೇ ಹಿಡಿಸಲು ಹೋದಳು. ಹೆಂಗಸು ಹಿಂದೆ ಸರಿದು, ಸಹಾಯಕ್ಕೆಂಬಂತೆ ನನ್ನತ್ತ ನೋಡಿದಳು.

ವಾಪಸಾಗುವಾಗ ಟಂಟಂ ಗಾಡಿಯಲ್ಲಿ ಅದೇ ಮಾತು. “ಒಮ್ಮಿಗೇ ಬ್ಯಾಡ ಅಂದ್ಲಲ್ರಿ ಸರ, ಮಾರಿಗೆ ಹೊಡದಂಗ!” ಎಂದಳು ಭಾಗ್ಯನಗರದವಳು.

“ಆಕಿಗೆ ಬ್ಯಾಡಾಗಿತ್ತು, ಬ್ಯಾಡ ಅಂದ್ಲು,” ಎಂದೆ.

“ಬ್ಯಾಡಾದ್ರೂ ಯಾರರ ಹಂಗ ಅಂತಾರೇನ್ರಿ? ಆಗಲ್ರಿ, ಕುಡದ ಬಂದೀನ್ರಿ ಅನ್ಬೇಕು.”

“ಕುಡಿದಿರಲಿಲ್ಲವಲ್ಲ?”

“ಅದು ಎಲ್ಲಾರಿಗೂ ಗೊತ್ತಿರತೈತಲ್ರಿ!”

ನಾವೆಲ್ಲ ನಕ್ಕೆವು. ಗಾಡಿ ಬತ್ತದ ಗದ್ದೆಗಳ ನಡುವೆ ಹೋಗುತ್ತಿತ್ತು, ಕಾಲುವೆಗೆ ನೀರು ಬಿಟ್ಟಿದ್ದರು, ಬೆಳ್ಳಕ್ಕಿಗಳಿದ್ದವು. ಬೆಳ್ಳಕ್ಕಿಗಳನ್ನು ಆಮೇಲೆ ಸೇರಿಸಿದ್ದೇನೋ ಎಂಬ ಅನುಮಾನ ನನಗಿದೆ. ನಗು ಮಾತ್ರ ಖಂಡಿತ ಇತ್ತು. ಆ ನಗುವಿನ ಒಳಗೆ ಏನಿದೆ ಎಂದು ಆ ಸಂಜೆ ನನಗೆ ಹೊಳೆಯಲಿಲ್ಲ.

ಭಾಷೆಯ ಪರೀಕ್ಷೆ ಪಾಸಾದವರಲ್ಲಿ ಮೊದಲ ಸಂದರ್ಶನ ಭಾಗ್ಯನಗರದವಳದೇ. ನಮ್ಮ ಕೋಣೆಯಲ್ಲೇ ನನ್ನ ಲ್ಯಾಪ್‌ಟಾಪ್ ಇಟ್ಟು, ಹಿಂದಿನ ಗೋಡೆಗೆ ಬೆಡ್‌ಶೀಟ್ ಕಟ್ಟಿ, ಕೆಳಗಿನ ವ್ಯಾಪಾರಿಗೆ ಸ್ವಲ್ಪ ಹೊತ್ತು ಹಮಾಲರ ಗದ್ದಲ ತಡೆಯಿರಿ ಎಂದು ಬೇಡಿಕೊಂಡು ಬಂದೆ. ಆಚೆ ಕಡೆ ಒಂದು ಜರ್ಮನ್ ಆಸ್ಪತ್ರೆಯ ಮುಖ್ಯ ನರ್ಸ್. ಕತ್ತರಿಸಿದ ನರೆಗೂದಲು, ನಿಧಾನದ ಮಾತು. ಓದು, ಅನುಭವ, ಗಾಯದ ಆರೈಕೆ ಎಲ್ಲಕ್ಕೂ ನಮ್ಮವಳು ಚೆನ್ನಾಗಿ ಉತ್ತರಿಸಿದಳು. ಆಮೇಲೆ ಮುಖ್ಯ ನರ್ಸ್ ಒಂದು ಸಂದರ್ಭ ಕೊಟ್ಟಳು: ಮಧ್ಯಾಹ್ನ ಆಪರೇಷನ್ ಇರುವ ರೋಗಿ, ಬೆಳಗಿನಿಂದ ಉಪವಾಸ. ನೀರು ಕೊಡು ಎಂದು ಕೇಳುತ್ತಿದ್ದಾನೆ. ನೀನು ಅವನಿಗೆ ಏನು ಹೇಳುತ್ತೀ?

“ಯಾ, ಗ್ಲೈಶ್,” ಎಂದಳು ನಮ್ಮವಳು. ಹೌದು, ಈಗಲೇ. “ಸ್ವಲ್ಪ ತಡೆಯಿರಿ.”

ಮುಖ್ಯ ನರ್ಸ್ ಪ್ರಶ್ನೆ ಅರ್ಥವಾಯಿತೆ ಎಂದು ಕೇಳಿ, ಇನ್ನೂ ನಿಧಾನವಾಗಿ ಅದನ್ನೇ ಮತ್ತೆ ಹೇಳಿದಳು. ಅರಿವಳಿಕೆ ಕೊಡುವ ಮುಂಚೆ ಹೊಟ್ಟೆಯಲ್ಲಿ ನೀರಿದ್ದರೆ ಅದು ಶ್ವಾಸಕೋಶಕ್ಕೆ ಹೋಗಿ ಜೀವಕ್ಕೆ ಅಪಾಯ. ಇದು ಅವಳಿಗೂ ಗೊತ್ತು, ನಮ್ಮವಳಿಗೂ ಗೊತ್ತು. ನಮ್ಮವಳು ಇನ್ನಷ್ಟು ಮೃದುವಾಗಿ, “ಗ್ಲೈಶ್, ಗ್ಲೈಶ್. ತರುತ್ತೇನೆ,” ಎಂದಳು.

ಸಂದರ್ಶನ ಅಲ್ಲಿಗೆ ಮುಗಿಯಿತು. ಮಿಂಚಂಚೆ ಬಂತು: ತಿಳಿವಳಿಕೆ ಒಳ್ಳೆಯದಿದೆ, ಆದರೆ ರೋಗಿಯ ಸುರಕ್ಷತೆಯ ಬಗ್ಗೆ ಸಂದೇಹ. ಇನ್ನೊಂದೇ ಅವಕಾಶ ಕೊಡುತ್ತೇವೆ. ಬೇಕಾದರೆ ಎರಡನೆಯ ಸಲ ಮಾತಿನ ಬದಲು ಬರವಣಿಗೆಯಲ್ಲೇ ಉತ್ತರಿಸಬಹುದು.

ಅವಳ ಪರಿಸ್ಥಿತಿ ಬಿಗಿಯಾಗಿತ್ತು. ಹೋಗುವುದು ಖಚಿತವೆಂದು ಕೊಪ್ಪಳದ ಆಸ್ಪತ್ರೆಗೆ ಆಗಲೇ ರಾಜೀನಾಮೆ ಕೊಟ್ಟು, ಕೊನೆಯ ವಾರಗಳ ಕೆಲಸ ಮಾಡುತ್ತಿದ್ದಳು. ಅವಳ ಜಾಗಕ್ಕೆ ಕರಾವಳಿಯ ಕಡೆಯಿಂದ ಹೊಸ ನರ್ಸ್ ಬಂದೂ ಆಗಿತ್ತು. ಈ ಎರಡನೆಯ ಅವಕಾಶ ತಪ್ಪಿದರೆ ಅಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ.

ನಾನು ಅದನ್ನು ಭಾಷೆಯ ತೊಡಕೆಂದೇ ತಿಳಿದೆ. ಕಲಿಸುವವರಿಗೆ ಎಲ್ಲವೂ ಪಾಠದ ಹಾಗೆ ಕಾಣುತ್ತದೆ. ಅವಳಿಂದ ನಿಷೇಧದ ವಾಕ್ಯಗಳನ್ನು ಹಾಳೆಗಟ್ಟಲೆ ಬರೆಸಿದೆ. ‘ನೀವು ಈಗ ಏನೂ ಕುಡಿಯುವಂತಿಲ್ಲ.’ ‘ಈ ಔಷಧ ಕೊಡಲು ನನಗೆ ಅನುಮತಿ ಇಲ್ಲ.’ ಒಂದೂ ತಪ್ಪಿಲ್ಲ. ಆಮೇಲೆ ಕುಷ್ಟಗಿಯವನನ್ನು ಎರಡು ಬೆಂಚು ಜೋಡಿಸಿ ರೋಗಿಯಾಗಿ ಮಲಗಿಸಿದೆ. ಅವನು ನರಳುತ್ತ ನೀರು ಕೇಳಿದ. ಅವಳು ಅವನ ತಲೆಯ ಹತ್ತಿರ ಬಗ್ಗಿ, “ಗ್ಲೈಶ್,” ಎಂದಳು.

ಅವನು ಎದ್ದು ಕೂತ. “ತಂಗಿ, ನೀ ಹಿಂಗ ಅಂದ್ರ ಅಲ್ಲಿ ನಾ ಸತ್ತ ಹೊಕ್ಕೀನಿ. ಕೈನ್ ವಾಸರ್ ಅನ್ನು, ಮುಗದ ಹೋತು!”

“ಅನ್ನಾಕ ಬರತೈತಣ್ಣ. ಬಾಯಿಂದ ಹೊರಗ ಬೀಳವಲ್ದು.”

ಬರವಣಿಗೆಯ ಪರೀಕ್ಷೆಯೇ ಒಳ್ಳೆಯದೆಂದು ನಾನು ಮನಸ್ಸಿನಲ್ಲೇ ತೀರ್ಮಾನಿಸಿದೆ. ಅದರಲ್ಲಿ ಅವಳು ಗೆಲ್ಲುವುದರಲ್ಲಿ ಅನುಮಾನವಿರಲಿಲ್ಲ.

ಆ ವಾರ ಅವಳಿಗೆ ಗಂಗಾವತಿಗೆ ಬರಲಾಗಲಿಲ್ಲ. ಬರೆಯುವ ಪರೀಕ್ಷೆಗೆ ಅವಳ ಸಹಿ ಬೇಕಿತ್ತು. ನಾನೇ ಕೊಪ್ಪಳಕ್ಕೆ ಹೋದೆ. ಆಸ್ಪತ್ರೆಗಿಂತ ಮುಂಚೆ ಭಾಗ್ಯನಗರ ಸಿಗುತ್ತದೆ ಎಂದು ಮೊದಲು ಅಂಗಡಿಗೆ ಹೋದೆ. ನೆಟ್ಟಗೆ ಹೇಳುವುದಾದರೆ ಭಾಗ್ಯನಗರ ದಾರಿಯಲ್ಲಿ ಸಿಗುವುದಿಲ್ಲ. ಅವಳ ಅಪ್ಪನನ್ನು ನೋಡುವ ಕುತೂಹಲ ನನಗಿತ್ತು. ಅವರು ಗಲ್ಲೆಯ ಮೇಲೆ ಕುಳಿತು ಬೆಲ್ಲದ ಮೇಲಿನ ನೊಣ ಹೊಡೆಯುತ್ತಿದ್ದರು. ಒಬ್ಬ ಹೆಂಗಸು ಬಂದು ಸಾಬೂದಾಣಿ ಕೇಳಿದಳು.

“ಸಾಬೂದಾಣಿ ಹೆಚ್ಚೇತವಾ, ನಾಳೆ ಬಾ,” ಎಂದರು ಅವರು.

ಹೆಂಗಸು ಸುಮ್ಮನೆ ಹೋದಳು. ಹೆಚ್ಚಿದ್ದರೆ ಯಾಕೆ ಕೊಡಲಿಲ್ಲ ಎಂದು ನಾನು ಕೇಳಿದೆ. ಬಳೆ ಒಡೆದರೆ ಹೆಚ್ಚಿತು ಎನ್ನುವುದು, ದೀಪ ಆರಿಸಿದರೆ ದೊಡ್ಡದಾಯಿತು ಎನ್ನುವುದು ನನಗೆ ಗೊತ್ತಿಲ್ಲದ್ದೇನಲ್ಲ. ನಮ್ಮ ಮನೆಯಲ್ಲೂ ಅಕ್ಕಿಯ ಡಬ್ಬಿ ಎಂದೂ ಖಾಲಿಯಾದದ್ದಿಲ್ಲ, ಹೆಚ್ಚುತ್ತಿತ್ತು. ಆದರೂ ಕೇಳಿದೆ.

“ಅಂಗಡ್ಯಾಗ ಕುಂತು ಆ ಮಾತು ಅನ್ನಬಾರ್ದ್ರಿ ಸರ. ಅಂದ್ರ ಲಕ್ಷ್ಮಿ ಎದ್ದ ಹೊಕ್ಕಾಳ. ಇಕಿ ಸಣ್ಣಾಕಿ ಇದ್ದಾಗ ಒಮ್ಮೆ ಗಿರಾಕಿಗೆ ಅಂದಿದ್ಲು. ಬಾಯಿಗೆ ಬೆಲ್ಲಾ ಇಟ್ಟು, ಇನ್ನ ಅನ್ನಬ್ಯಾಡವಾ ಅಂದಿದ್ದೆ.” ಅವರು ನಕ್ಕರು. “ಅವತ್ತಿನಿಂದ ಅಂದೇ ಇಲ್ಲ ನೋಡ್ರಿ.”

“ಈಗ ನೀವೇ ‘ಇಲ್ಲ’ ಅಂದ್ರಿ,” ಎಂದೆ.

“ಅದು ಸಾಮಾನಿನ ಮಾತಲ್ಲ ಬಿಡ್ರಿ. ಮಾಸ್ತರ್ರು ಹುಷಾರ್ ಅದೀರಿ. ಬೆಲ್ಲಾ ತಿನ್ನಿರಿ.”

ಆಸ್ಪತ್ರೆಗೆ ಹೋದಾಗ ಅವಳು ವಾರ್ಡಿನಲ್ಲಿದ್ದಳು. ಬಾಗಿಲಿನ ಹತ್ತಿರದ ಬೆಂಚಿನ ಮೇಲೆ ಕುಳಿತೆ. ಎದುರಿನ ಮಂಚದಲ್ಲಿ ಯಲಬುರ್ಗಾ ಕಡೆಯ ಹಳ್ಳಿಯ ಮುದುಕಿ. ಹರ್ನಿಯಾ, ಮಧ್ಯಾಹ್ನ ಆಪರೇಷನ್. ಅವಳು ಕೇಳುತ್ತಿದ್ದದ್ದು ನೀರು. ಜರ್ಮನ್ ಮುಖ್ಯ ನರ್ಸಿನ ಪ್ರಶ್ನೆ ಎದ್ದು ಬಂದು ಮಂಚದ ಮೇಲೆ ಮಲಗಿದ ಹಾಗಿತ್ತು.

“ಕೊಡ್ತೀನಬೇ ಯವ್ವಾ, ಕೊಡ್ತೀನಿ,” ಎಂದಳು ನಮ್ಮವಳು. “ಬಾಟ್ಲಿ ತುಂಬಿಸಿ ಇಟ್ಟೀನಿ ನೋಡಿಲ್ಲೆ. ಡಾಕ್ಟರ್ ಬಂದ ಹೋಗ್ಲಿ.”

“ನೀ ಕೊಡಾಕಿ ಅಲ್ಲ ಬಿಡ, ನನಗ ಗೊತ್ತೈತಿ,” ಎಂದಳು ಮುದುಕಿ. “ಮುಂಜಾನಿಂದ ಕೊಡ್ತೀನಿ ಕೊಡ್ತೀನಿ ಅಂತ ಆಟಾ ಆಡಸಾಕ ಹತ್ತೀಯೆ.”

“ಮತ್ತ ಆಡು. ಹೊತ್ತ ಹೊಕ್ಕೈತಿ.”

ಇಬ್ಬರೂ ನಕ್ಕರು. ನಮ್ಮವಳು ಹತ್ತಿ ಒದ್ದೆ ಮಾಡಿ ಮುದುಕಿಯ ತುಟಿ ಸವರಿದಳು. ಅಲ್ಲಿ ‘ಕೊಡ್ತೀನಿ’ ಎಂಬುದು ಎಷ್ಟು ಗಟ್ಟಿಯಾದ ನಿರಾಕರಣೆ ಎಂದು ಇಬ್ಬರಿಗೂ ಗೊತ್ತಿತ್ತು. ಅವರಿಬ್ಬರ ನಡುವೆ ಒಂದು ಹನಿ ನೀರಿಗೂ ದಾರಿ ಇರಲಿಲ್ಲ, ಆದರೆ ಮಾತಿಗೆ ಬೇಕಾದಷ್ಟು ಇತ್ತು. ನೋಡುತ್ತ ಕುಳಿತ ನನಗೆ ನನ್ನ ವಾಕ್ಯಗಳ ಹಾಳೆ ಬಡವಾಗಿ ಕಂಡಿತು.

ಇದನ್ನೇ ಕೊನೆಯ ಚಿತ್ರವಾಗಿಟ್ಟು ಬರಹ ಮುಗಿಸಿದರೆ ಎಷ್ಟು ಚೆನ್ನಾಗಿರುತ್ತಿತ್ತು! ಎಷ್ಟೋ ಸಲ ಬಾಯಿಮಾತಿನಲ್ಲಿ ಹಾಗೇ ಮುಗಿಸಿದ್ದೇನೆ. ಆದರೆ ಅದು ಅಲ್ಲಿಗೆ ಮುಗಿಯಲಿಲ್ಲ.

ನಮ್ಮವಳನ್ನು ಯಾರೋ ಕೆಳಗೆ ಕರೆದರು. ಅವಳ ಜಾಗಕ್ಕೆ ಬಂದಿದ್ದ ಕರಾವಳಿಯ ನರ್ಸ್ ಟ್ರೇ ಹಿಡಿದು ಒಳಗೆ ಬಂದಳು. ಬಾಗಿಲಲ್ಲಿ ನಿಂತು ಈ ಮಾತುಕತೆಯನ್ನೆಲ್ಲ ಕೇಳಿಸಿಕೊಂಡಿದ್ದಳು. ಆ ಮಾತಿನ ಮೇಲೆ ವೈದ್ಯರೂ ಒಮ್ಮೆ ಬಂದು ನೋಡಿಹೋಗಿದ್ದರು. ಮುದುಕಿ ಅವಳನ್ನೂ ನೀರು ಕೇಳಿದಳು. ಅವಳು ತುಂಬಿದ ಬಾಟಲಿಯನ್ನು ನೋಡಿ, ಮುಚ್ಚಳ ತೆಗೆದು, ಮುದುಕಿಯ ಕೈಗೆ ಕೊಟ್ಟಳು. ಮುದುಕಿ ಆಶ್ಚರ್ಯದಿಂದ ಒಮ್ಮೆ ಅವಳ ಮುಖ ನೋಡಿ, ಗಟಗಟ ಕುಡಿದಳು. ಮೆಟ್ಟಿಲು ಹತ್ತಿ ಬಂದ ನಮ್ಮವಳು ಬಾಟಲಿ ಕಿತ್ತುಕೊಳ್ಳುವ ಹೊತ್ತಿಗೆ ಅರ್ಧ ಖಾಲಿಯಾಗಿತ್ತು.

“ಏನ್ ಮಾಡಿದಿ? ಆಪರೇಷನ್ ಐತಿ ಇವತ್ತ!”

“ನೀವೇ ಕೊಡ್ತೇನೆ ಅಂತ ಹೇಳಿದ್ದಲ್ವಾ?” ಎಂದಳು ಹೊಸಬಳು. “ಡಾಕ್ಟರ್ ಬಂದು ಹೋಗಲಿ ಅಂದ್ರಿ. ಬಂದು ಹೋದ್ರು. ನೀರು ಕೊಡಬಹುದಾದ ಕೇಸು ಅಂತ ಮಾಡಿದೆ. ಬಾಟ್ಲಿ ಸಹ ತುಂಬಿಸಿ ಇಟ್ಟದ್ದು ನೀವೇ ಅಲ್ವಾ?”

ಹೊಸಬಳು ಕೇಸಿನ ಕಾಗದ ನೋಡಬೇಕಿತ್ತು, ಅದು ಅವಳ ತಪ್ಪು. ಆದರೆ ಕನ್ನಡ ಬಲ್ಲ ಒಬ್ಬಳು ಕನ್ನಡದ ಮಾತನ್ನು ಇದ್ದದ್ದು ಇದ್ದ ಹಾಗೆ ಕೇಳಿಸಿಕೊಂಡಿದ್ದಳು, ಅಷ್ಟೇ. ವೈದ್ಯರಿಗೆ ಹೇಳಲೇಬೇಕಾಯಿತು. ನಮ್ಮವಳೇ ಹೋಗಿ ಹೇಳಿದಳು. ಆಪರೇಷನ್ನು ಮರುದಿನಕ್ಕೆ ಹೋಯಿತು. ಊರಿಂದ ಬಂದಿದ್ದ ಮುದುಕಿಯ ಮಗ ಗಾಡಿ ಮಾಡಿಕೊಂಡು ಬಂದದ್ದು ವ್ಯರ್ಥವಾಯಿತೆಂದು ಗೊಣಗಿದ.

ಮರಳಿ ಬಂದವಳು ಮುದುಕಿಯ ಮಂಚದ ಹತ್ತಿರ ನೆಟ್ಟಗೆ ನಿಂತಳು. “ಯವ್ವಾ, ಕೇಳಿಲ್ಲೆ. ರಾತ್ರಿ ನಾ ಹೇಳಿದ ಮ್ಯಾಲೆ, ನಾಳೆ ಆಪರೇಷನ್ ಆಗೂತನ ನಿನಗ ನೀರು ಕೊಡಂಗಿಲ್ಲ. ಯಾರು ಕೊಟ್ಟರೂ ನೀ ಕುಡಿಯಂಗಿಲ್ಲ. ಏನೂ ಇಲ್ಲ.”

ಮುದುಕಿ ಅವಳನ್ನೇ ನೋಡಿದಳು. “ಎಷ್ಟ ಬಿರಸ ಮಾತಾಡ್ತೀಯಬೇ,” ಎಂದಳು. “ನಾ ಏನ ನಿನ್ನ ಮನಿ ಬಾಗಲಿಗೆ ಬಂದೀನೇನು?” ಗೋಡೆಯ ಕಡೆ ಹೊರಳಿ ಮಲಗಿದಳು. ನಮ್ಮವಳು ಹೊರಗೆ ಬಂದು, ನನ್ನ ಪಕ್ಕದಲ್ಲಿ ಕುಳಿತಳು. ಅತ್ತಳು ಎಂದು ಬರೆದರೆ ಸುಲಭ. ಅಳಲಿಲ್ಲ. ಹತ್ತಿಯ ತುಂಡೊಂದು ಇನ್ನೂ ಅವಳ ಕೈಯಲ್ಲೇ ಇತ್ತು, ಅದನ್ನು ಎಳೆ ಎಳೆಯಾಗಿ ಬಿಡಿಸುತ್ತಿದ್ದಳು.

ನಾನು ಸಹಿಯ ಕಾಗದ ಮುಂದಿಟ್ಟೆ. ಬರವಣಿಗೆಯ ಪರೀಕ್ಷೆಗೆ ಒಪ್ಪಿಗೆ.

“ಬರ್ಯೂದು ಬ್ಯಾಡ್ರಿ ಸರ,” ಎಂದಳು.

“ಬರೆದರೆ ಪಾಸಾಗ್ತೀ.”

“ಪಾಸ್ ಆಕ್ಕೀನಿ. ಆಮ್ಯಾಲೆ ಅಲ್ಲಿ ಹೋಗಿ ಯಾರಿಗರ ಗ್ಲೈಶ್ ಅಂತೀನಿ. ಬಾಜೂಕ ನಿಂತಾಕಿ ಬಾಟ್ಲಿ ಕೊಡ್ತಾಳ.” ಹತ್ತಿಯ ಎಳೆ ಊದಿದಳು. “ಮಾತಾಡ್ತೀನ್ರಿ. ಆ ಜರ್ಮನ್ ಸಿಸ್ಟರ್‌ಗೆ ಮತ್ತ ಅದನ್ನ ಕೇಳಂತ ಹೇಳ್ರಿ.”

ಆ ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡೆ. ಬಸ್ಸಿನಲ್ಲಿ ಗಂಗಾವತಿಗೆ ಮರಳುವವರೆಗೂ ಅದು ಸರಿಯೋ ತಪ್ಪೋ ಎಂದು ತೂಗುತ್ತಿದ್ದೆ. ಅವಳ ಇಲ್ಲಿಯ ಕೆಲಸ ಇನ್ನೇನು ಮುಗಿಯುತ್ತಿತ್ತು. ಗೆಲ್ಲುವ ದಾರಿಯನ್ನು ಬಿಟ್ಟು ಸೋತ ದಾರಿಯಲ್ಲೇ ಮತ್ತೆ ಕಳಿಸುತ್ತಿದ್ದೆ. ಕೊನೆಗೆ ಆಚೆ ಕಡೆಗೆ ಬರೆದೆ: ಬರವಣಿಗೆ ಬೇಡ, ಮಾತಿನ ಪರೀಕ್ಷೆಯೇ ಇರಲಿ, ಸಾಧ್ಯವಾದರೆ ಅದೇ ಸಂದರ್ಭವನ್ನು ಮತ್ತೆ ಕೊಡಿ, ತಾವೇ ರೋಗಿಯಾಗಿ ಮಾತಾಡಿ.

ಉಳಿದ ದಿನಗಳಲ್ಲಿ ವ್ಯಾಕರಣ ಮುಟ್ಟಲಿಲ್ಲ. ಅವಳ ಮಾತನ್ನು ಎರಡು ತುಂಡು ಮಾಡಿದೆವು. ಮೊದಲು ‘ನೈನ್’, ಒಂಟಿಯಾಗಿ. ಆಮೇಲೆ ಉಸಿರು. ಆಮೇಲೆ ಅವಳಿಗೆ ಹೇಳಬೇಕೆನಿಸಿದ್ದೆಲ್ಲ. ನನ್ನ ವಾಕ್ಯಗಳು ಬೇಡ ಎಂದೆ. ಮೊದಲ ದಿನ ಆ ‘ನೈನ್’ ಕೆಮ್ಮಿನ ಹಾಗೆ ಬಂತು. ಕುಷ್ಟಗಿಯವನು ಬೆಂಚಿನ ಮೇಲೆ ಮಲಗಿ ದಿನವೂ ನೀರು ಬೇಡಿದ. ಗಂಟಲು ನಿಜವಾಗಿ ಒಣಗುವವರೆಗೆ ಬೇಡಿದ. ಒಂದು ದಿನ ಪಾಠ ಮುಗಿದ ಮೇಲೆ ಅವನು ಅವಳ ಬಾಟಲಿಗೆ ಕೈ ಚಾಚಿದಾಗ, ಅವಳು ಅಭ್ಯಾಸಬಲದಿಂದ, “ನೈನ್,” ಎಂದಳು.

“ಯಪ್ಪಾ, ಪಾಠ ಮುಗದೈತಲೇ ತಂಗಿ!” ಎಂದು ಅವನು ಕೂಗಿದ. ಇಡೀ ಕೋಣೆ ನಕ್ಕಿತು. ಕೆಳಗಿನ ಹಮಾಲರೊಬ್ಬರು ಏನಾಯಿತೆಂದು ಮೇಲೆ ಬಂದು ನೋಡಿಹೋದರು. ಆ ಮಧ್ಯಾಹ್ನವೊಂದನ್ನು ಹಾಗೇ ಎತ್ತಿ ಕೊಡುತ್ತೇನೆಂದು ಯಾರಾದರೂ ಬಂದರೆ, ಉಳಿದ ವರ್ಷಗಳ ಬಗ್ಗೆ ನಾನು ಹೆಚ್ಚು ಚೌಕಾಶಿ ಮಾಡಲಾರೆ.

ಎರಡನೆಯ ಸಂದರ್ಶನದಲ್ಲಿ ಮುಖ್ಯ ನರ್ಸ್ ಪೀಠಿಕೆ ಹಾಕಲಿಲ್ಲ. ಕನ್ನಡಕ ತೆಗೆದಿಟ್ಟು, ಕುರ್ಚಿಯಲ್ಲಿ ಜಾರಿ ಕುಳಿತು, ಮುದುಕನ ದನಿಯಲ್ಲಿ ಕೇಳಿದಳು: ಸಿಸ್ಟರ್, ಒಂದೇ ಗುಟುಕು ನೀರು.

ನಾನು ಪರದೆಯ ಹೊರಗೆ, ಗೋಡೆಗೆ ಒರಗಿ ನಿಂತಿದ್ದೆ. ನಮ್ಮವಳ ತುಟಿ ಮುಂದೆ ಬಂತು. ಗ್ಲೈಶ್ ಎನ್ನಲು ಬಾಯಿ ತಾಳುವ ಆಕಾರ ನನಗೆ ಪರಿಚಿತವಾಗಿತ್ತು. ಮೇಜಿನ ಕೆಳಗೆ ಅವಳ ಎರಡೂ ಕೈ ಒಂದನ್ನೊಂದು ಹಿಡಿದುಕೊಂಡಿದ್ದವು.

“ನೈನ್,” ಎಂದಳು.

ಉಸಿರು ಎಳೆದುಕೊಂಡಳು. ನೀವು ಈಗ ಏನೂ ಕುಡಿಯುವಂತಿಲ್ಲ. ಆಪರೇಷನ್ ಆಗುವವರೆಗೆ ಇಲ್ಲ. ಕುಡಿದರೆ ನಿಮಗೆ ಅಪಾಯ.

ಯಾರೂ ನೋಡುವುದಿಲ್ಲ ಎಂದಿತು ಆ ಕಡೆಯ ಮುದುಕನ ದನಿ. ನೈನ್. ನಿನಗೆ ಅಪ್ಪ ಇಲ್ಲವೇ? ಇದ್ದಾರೆ, ಆದರೂ ನೈನ್. ನೀನು ಕಲ್ಲಿನವಳು. ಅವಳು, ತುಟಿ ಒದ್ದೆ ಮಾಡುತ್ತೇನೆ, ಬಾಯಿ ತೆಗೆಯಿರಿ ಎಂದಳು. ನಾನು ಇಲ್ಲೇ ಕೂರುತ್ತೇನೆ ಎಂದಳು.

ಮುಖ್ಯ ನರ್ಸ್ ಕನ್ನಡಕ ಹಾಕಿಕೊಂಡು ನೆಟ್ಟಗಾದಳು. ನಮ್ಮ ವಾರ್ಡಿನಲ್ಲಿ ಜನ ಕಡಿಮೆ ಇದ್ದೇವೆ, ಪ್ರತಿಯೊಬ್ಬರ ಹತ್ತಿರ ಕೂರಲು ಪುರುಸೊತ್ತು ಸಿಗುವುದಿಲ್ಲ. ಇಲ್ಲೇ ಕೂರುತ್ತೇನೆ ಎಂದು ರೋಗಿಗೆ ಮಾತು ಕೊಡಬಲ್ಲೆಯಾ ಎಂದು ಕೇಳಿದಳು. ಇದನ್ನು ನಾವು ಅಭ್ಯಾಸ ಮಾಡಿರಲಿಲ್ಲ. ಕೆಲಸ ಬೇಕಾದವರು ಹೌದು ಎನ್ನುವ ಪ್ರಶ್ನೆ ಅದು. ನಾನಾಗಿದ್ದರೂ ಹೌದು ಎನ್ನುತ್ತಿದ್ದೆ.

ನೆಟ್‌ವರ್ಕ್ ಹೋಯಿತೆಂದು ನಾನು ಹೆದರಿದೆ.

“ನೈನ್,” ಎಂದಳು. “ಆ ಮಾತು ಕೊಡಲಾರೆ. ಬೇರೆಯವರನ್ನು ನೋಡಿ ಮತ್ತೆ ಬರುತ್ತೇನೆ ಎಂದು ಹೇಳಬಲ್ಲೆ. ಬರುತ್ತೇನೆ ಎಂದರೆ ಬರುತ್ತೇನೆ.”

ಮುಖ್ಯ ನರ್ಸ್ ಏನೋ ಬರೆದುಕೊಂಡಳು. ಆಮೇಲೆ, ಮೊದಲ ಬಾರಿಗೆ, ನಕ್ಕಳು. ಎಂದಿನಿಂದ ಬರಲು ಸಾಧ್ಯ ಎಂದು ಕೇಳಿದಳು.

ಈಗ ಆ ಕೋಣೆ ಇಲ್ಲ; ವ್ಯಾಪಾರಿ ಅದನ್ನೂ ಗೋದಾಮಿಗೆ ಸೇರಿಸಿಕೊಂಡಿದ್ದಾನೆ. ಕುಷ್ಟಗಿಯವನು ಹೋಗಲೇ ಇಲ್ಲ, ಊರಲ್ಲೇ ಲ್ಯಾಬ್ ಇಟ್ಟಿದ್ದಾನೆ. ನಾನು ಪಾಠವನ್ನೆಲ್ಲ ಪರದೆಯ ಮೇಲೆ ಮಾಡುತ್ತೇನೆ. ಅಲ್ಲಿ ಶಬ್ದಗಳು ಎದ್ದು ನಡೆದಾಡುವುದಿಲ್ಲ. ನಿಶ್ತ್ ಎಲ್ಲಿ ನಿಲ್ಲಬೇಕೆಂದು ಹೊಸಬರು ಕೇಳಿದಾಗ, ಅವರಿಗೆ ಕಾಣದ ಯಾರೋ ಒಬ್ಬಳು ಎಲ್ಲರ ಮುಖ ನೋಡುತ್ತ ಒಂದು ಸುತ್ತು ಹಾಕುವುದು ನನಗೆ ಕಾಣುತ್ತದೆ. ಉತ್ತರ ಹೇಳುವುದು ಸ್ವಲ್ಪ ತಡವಾಗುತ್ತದೆ.

ಅವಳು ಜರ್ಮನಿಯಿಂದ ಅಪರೂಪಕ್ಕೆ ದನಿ ಸಂದೇಶ ಕಳಿಸುತ್ತಾಳೆ. ಕಳೆದ ತಿಂಗಳು ಬಂದದ್ದನ್ನು, ನೆನಪಿಗೆ ಬಿಡದೆ, ಕೇಳಿಸಿಕೊಳ್ಳುತ್ತಲೇ ಇಲ್ಲಿ ಇಳಿಸುತ್ತಿದ್ದೇನೆ:

“ಸರ, ಇಲ್ಲೊಬ್ಬ ಅಜ್ಜ ಅದಾನ್ರಿ ನಮ್ಮ ವಾರ್ಡಿನ್ಯಾಗ. ಹೊಟ್ಟಿ ಕೊಯ್ದು ನೋಡಿ, ಏನೂ ಮಾಡಾಕ ಬರೂದಿಲ್ಲಂತ ಹಂಗ ಹೊಲದ ಬಿಟ್ಟಾರ. ಡಾಕ್ಟರ್ ಎಲ್ಲಾ ಹೇಳ್ಯಾರ ಅಂವಗ. ಆದ್ರೂ ನಿನ್ನೆ ನನ್ನ ಕೇಳಿದನ್ರಿ, ಸಿಸ್ಟರ್, ನಾ ಮನಿಗೆ ಹೊಕ್ಕೀನೇನು ಅಂತ. ಹೌದು ಅನ್ನಾಕ ಮನಸಾಗ್ಲಿಲ್ಲ. ನೈನ್ ಅನ್ನಾಕ ನಾ ಯಾರ್ರಿ? ಇಶ್ ವೈಸ್ ಎಸ್ ನಿಶ್ತ್ ಅಂದೆ. ನನಗ ಗೊತ್ತಿಲ್ಲ ಅಂದೆ. ಅಂವ ನನ್ನ ಮಾರಿನ ನೋಡಿ, ಇಶ್ ಔಖ್ ನಿಶ್ತ್ ಅಂದ. ನನಗೂ ಗೊತ್ತಿಲ್ಲ ಅಂತ. ಇಬ್ರೂ ನಕ್ಕಿವ್ರಿ. ಆಮ್ಯಾಲೆ ಅಂವ ನಿದ್ದಿ ಮಾಡಿದ.”